ಮಂಡಿ ಎತ್ತಿದ್ದೇ ಗೆದ್ದಿತು

ಪ್ರತಿ ಜುಲೈಯಲ್ಲಿ ವೇಲ್ಸ್‌ನ ಲಾನೆಲ್ವೆದ್ ಮೈದಾನದಲ್ಲಿ ರಾಯಲ್ ವೆಲ್ಷ್ ಪ್ರದರ್ಶನ ನಡೆಯುತ್ತದೆ. ಅದರಲ್ಲಿ ಕಾಬ್ ಕುದುರೆಗಳ ದಿನಕ್ಕೆ ಜಾತ್ರೆಯ ಕಳೆ. ಬಿಳಿ ಉಡುಪಿನ ಆಳು ಕಡಿವಾಣ ಹಿಡಿದು ಏದುಸಿರು ಬಿಡುತ್ತ ಓಡುತ್ತಾನೆ. ಪಕ್ಕದಲ್ಲಿ ಬೀಜದ ಕುದುರೆ ಮಂಡಿಯನ್ನು ಎದೆಮಟ್ಟಕ್ಕೆ ಎತ್ತಿ ಟ್ರಾಟ್ ಎಂಬ ಜೋಡಿಗಾಲಿನ ಓಟ ಹಾಕುತ್ತದೆ. ಗ್ಯಾಲರಿಯೇ ಎದ್ದು ನಿಂತು ಕೂಗುತ್ತದೆ. 1908ರಿಂದ ಕೊಡುತ್ತ ಬಂದ ಪ್ರಿನ್ಸ್ ಆಫ್ ವೇಲ್ಸ್ ಕಪ್ ಯಾವ ಕುದುರೆಗೆ ಸಿಕ್ಕಿತೋ ತಳಿಯ ಆದರ್ಶ ರೂಪ ಅದೇ ಎಂದು ಮುಂದಿನ ವರ್ಷದವರೆಗೆ ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ಆ ಕೂಗಿಗೂ ಆ ತೀರ್ಪಿಗೂ ನಂಟೇ ಇಲ್ಲ ಎಂದರೆ ನಾನು ನಂಬುವುದಿಲ್ಲ. ಆ ಓಟದ ಮೇಲೆ ಕಟ್ಟಿದ ಕೀರ್ತಿಯಲ್ಲಿ ಅರ್ಧದಷ್ಟು ಬರೀ ಗಾಳಿ ಎಂಬುದು ನನ್ನ ಅಭಿಪ್ರಾಯ. ಯಾಕೆ ಎನ್ನುವುದಕ್ಕೇ ಈ ಬರಹ.

ಹಿನ್ನೆಲೆ ಬಲ್ಲವರಿಗೆ ಎರಡು ಮಾತು ಸಾಕು. ವೆಲ್ಷ್ ಪೋನಿ ಮತ್ತು ಕಾಬ್ ಸಂಘ ಹುಟ್ಟಿದ್ದು 1901ರಲ್ಲಿ. ಅದರ ವಂಶಾವಳಿ ಪುಸ್ತಕದಲ್ಲಿ ನಾಲ್ಕು ವಿಭಾಗಗಳಿವೆ. 13 ಹ್ಯಾಂಡ್ 2 ಇಂಚು, ಅಂದರೆ ಸುಮಾರು 137 ಸೆಂಟಿಮೀಟರ್ ದಾಟಿದ ಕಾಬ್‌ಗಳು ಡಿ ವಿಭಾಗಕ್ಕೆ ಸೇರುತ್ತವೆ. ಮೇಲಿನ ಎತ್ತರಕ್ಕೆ ಮಿತಿಯಿಲ್ಲ. ಬಣ್ಣದಲ್ಲಿ ಮಚ್ಚೆಮಚ್ಚೆಯ ಕುದುರೆಯೊಂದನ್ನು ಬಿಟ್ಟು ಯಾವುದಾದರೂ ಆದೀತು. ಸುಳಿ ನೋಡಿ ಕುದುರೆ ಕೊಳ್ಳುತ್ತಿದ್ದ ನಮ್ಮ ಹಿರಿಯರಿಗೆ ಇದು ವಿಚಿತ್ರವಾಗಿ ಕಂಡೀತು, ಆದರೆ ವೇಲ್ಸ್‌ನ ರೈತನಿಗೆ ಬೇಕಾಗಿದ್ದುದು ದುಡಿಯುವ ಪ್ರಾಣಿ. ವಾರವಿಡೀ ಹೊಲದಲ್ಲಿ ಎಳೆದು, ಸಂತೆಗೆ ಗಾಡಿ ಹೂಡಿಸಿಕೊಂಡು, ಭಾನುವಾರ ಮನೆಮಂದಿಯನ್ನು ಚರ್ಚಿಗೆ ಒಯ್ಯುವ ಕುದುರೆ ಅದು. ಸೈನ್ಯಕ್ಕೂ ಅದೇ ಬೇಕಿತ್ತು, ಪಟ್ಟಣದ ಹಾಲಿನ ಗಾಡಿಗೂ ಅದೇ.

ತೀರ್ಪುಗಾರರಿಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡೋಣ. ತಲೆಯ ವಿಷಯದಲ್ಲಿ ಅವರು ಗಟ್ಟಿಯಾಗಿ ನಿಂತಿದ್ದಾರೆ. ಒರಟು ತಲೆ, ಉಬ್ಬಿದ ಮೂಗು ಇವೆರಡನ್ನೂ ಸಂಘದ ತಳಿ ವಿವರಣೆ ಖಡಾಖಂಡಿತವಾಗಿ ಬೇಡವೆನ್ನುತ್ತದೆ. ಮೈ ಎಷ್ಟೇ ದಪ್ಪವಾಗಲಿ, ಮುಖದಲ್ಲಿ ಪೋನಿಯ ಚುರುಕು ಉಳಿಯಬೇಕು, ಕಣ್ಣು ದೊಡ್ಡದಾಗಿ ದೂರದೂರ ಕೂತಿರಬೇಕು. ಅದು ಉಳಿದಿದೆ. ಹಿಂದಕ್ಕೆ ವಾಲಿದ ಭುಜ, ಆಳವಾದ ಎದೆಗೂಡು, ಗಟ್ಟಿ ಸೊಂಟ ಇವನ್ನೂ ಚೆನ್ನಾಗಿ ಕಾಯ್ದುಕೊಂಡಿದ್ದಾರೆ. ನಿಂತ ಕುದುರೆಯನ್ನು ನೋಡುವುದರಲ್ಲಿ ವೆಲ್ಷ್ ತೀರ್ಪುಗಾರರ ಕಣ್ಣಿಗೆ ಸಾಟಿ ಕಡಿಮೆ. ಎಡವಟ್ಟಾಗುವುದು ಕುದುರೆ ಓಡತೊಡಗಿದ ಮೇಲೆ.

ತಳಿ ವಿವರಣೆಯ ಕೊನೆಯಲ್ಲಿ ನಡಿಗೆಯ ಬಗ್ಗೆ ಒಂದು ಸಣ್ಣ ಭಾಗವಿದೆ. ನಡಿಗೆ ಸಲೀಸಾಗಿರಬೇಕು, ನೇರವಾಗಿರಬೇಕು, ಬಲವಾಗಿರಬೇಕು. ಮಂಡಿ ಮಡಿಯಬೇಕು. ಇಡೀ ಮುಂಗಾಲು ಭುಜದಿಂದಲೇ ಚಾಚಿ, ಆದಷ್ಟು ಮುಂದಕ್ಕೆ ಹೋಗಬೇಕು. ಹಾಕ್, ಎಂದರೆ ಹಿಂಗಾಲಿನ ನಡುವಿನ ದೊಡ್ಡ ಕೀಲು, ಹೊಟ್ಟೆಯ ಕೆಳಗೆ ಮಡಿದು ಮೈಯನ್ನು ನೇರವಾಗಿ, ಜೋರಾಗಿ ಮುಂದಕ್ಕೆ ನೂಕಬೇಕು. ಇಲ್ಲಿ ಮಂಡಿ ಎಷ್ಟು ಎತ್ತರಕ್ಕೆ ಏಳಬೇಕು ಎಂಬ ಅಳತೆಯೇ ಇಲ್ಲ. ಅಳತೆ ಇರುವುದು ಮುಂದಕ್ಕೆ ಹೋಗುವುದಕ್ಕೆ ಮಾತ್ರ, ಆದಷ್ಟು ಮುಂದಕ್ಕೆ. ಮಂಡಿ ಮಡಿಯುವುದು ಕಾಲು ಚಾಚಲು ಬೇಕಾದ ತಯಾರಿ. ಪ್ರದರ್ಶನದ ರಿಂಗಿನಲ್ಲಿ ತಯಾರಿಯನ್ನೇ ಫಲವೆಂದು ಎಣಿಸಲಾಗುತ್ತಿದೆ.

ಓಡುವ ಕಾಬ್‌ನ ಒಂದೇ ಮುಂಗಾಲನ್ನು ಹಿಡಿದು ನೋಡಿ. ಮಂಡಿ ಮೇಲೆದ್ದು, ಕೆಳಗಾಲು ಬಿಚ್ಚಿಕೊಂಡು, ಗೊರಸು ಮುಂದಿನ ಒಂದು ಜಾಗಕ್ಕೆ ಗುರಿಯಿಡುತ್ತದೆ. ಆ ಗೊರಸು ಗುರಿಯಿಟ್ಟ ಜಾಗದಲ್ಲೇ ಊರಿದರೆ ಅದು ಚಾಚಿದ ಕಾಲು. ಬಹುಮಾನ ಪಡೆಯುವ ಎಷ್ಟೋ ಕುದುರೆಗಳಲ್ಲಿ ಹಾಗಾಗುವುದಿಲ್ಲ. ಗೊರಸು ಗಾಳಿಯಲ್ಲಿ ಒಂದು ಚಿಮ್ಮು ಚಿಮ್ಮಿ, ಅರ್ಧ ಅಡಿಯಷ್ಟು ಹಿಂದಕ್ಕೆ ಎಳೆದುಕೊಂಡು ಆಮೇಲೆ ನೆಲ ಮುಟ್ಟುತ್ತದೆ. ಒನಕೆ ಎಷ್ಟೇ ಎತ್ತರಕ್ಕೆ ಎದ್ದರೂ ಒರಳಿನಲ್ಲೇ ಬೀಳುವ ಹಾಗೆ. ಎತ್ತಿದ ಶ್ರಮಕ್ಕೆ ತಕ್ಕ ದಾರಿ ಸವೆಯುವುದಿಲ್ಲ. ಗ್ಯಾಲರಿಗೆ ಕಾಣುವುದು ಚಿಮ್ಮು ಮಾತ್ರ. ಗೊರಸು ಊರಿದ ಜಾಗವನ್ನು ನೋಡಲು ಕಣ್ಣು ನೆಲದ ಮೇಲಿರಬೇಕು.

ಈ ಚಿಮ್ಮನ್ನು ತಯಾರು ಮಾಡಬಹುದು ಕೂಡ. ಮುಂಗಾಲಿಗೆ ಭಾರದ ಲಾಳ ಹೊಡೆದರೆ ಮಂಡಿ ತಾನೇ ಮೇಲೇಳುತ್ತದೆ. ತಲೆಯನ್ನು ಕಡಿವಾಣದಿಂದ ಮೇಲೆತ್ತಿ ಹಿಡಿದರೆ ಭುಜ ಇನ್ನಷ್ಟು ಏಳುತ್ತದೆ, ಆದರೆ ಬೆನ್ನು ತಗ್ಗುತ್ತದೆ. ಬೆನ್ನು ತಗ್ಗಿದರೆ ಹಿಂಗಾಲು ಹೊಟ್ಟೆಯ ಕೆಳಗೆ ಬರುವುದಕ್ಕೆ ಜಾಗವೇ ಇರುವುದಿಲ್ಲ. ಮುಂದಿನ ವೈಭವಕ್ಕೆ ಹಿಂದಿನಿಂದ ಬೆಲೆ ತೆತ್ತಂತಾಯಿತು. ಟ್ರಾಟ್‌ನಲ್ಲಿ ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು ನಡೆಯುತ್ತದೆ. ಜೋಡಿಯಲ್ಲಿ ಒಂದು ಕಾಲು ಆಕಾಶದಲ್ಲಿ, ಇನ್ನೊಂದು ಎಲ್ಲೋ ಹಿಂದೆ ಎಳೆದಾಡುತ್ತಿದ್ದರೆ ಅದು ಬಲವಾದ ನಡಿಗೆ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ಹಿಂಗಾಲಿನ ಬಗ್ಗೆ ಅದೇ ತಳಿ ವಿವರಣೆಯಲ್ಲಿ ಎಷ್ಟು ಕರಾರುವಾಕ್ಕಾದ ಮಾತಿದೆ ನೋಡಿ. ಪೃಷ್ಠದ ತುದಿಯಿಂದ ಗೊರಸಿನ ಮೇಲಿನ ಕೀಲಿಗೆ ಒಂದು ನೂಲು ಇಳಿಬಿಟ್ಟರೆ ಹಾಕ್ ಅದರ ಹಿಂದೆ ಹೋಗಬಾರದು. ಹಾಕ್ ದೊಡ್ಡದಾಗಿ, ಚಪ್ಪಟೆಯಾಗಿ, ಊತವಿಲ್ಲದೆ ಇರಬೇಕು. ಒಳಕ್ಕೂ ತಿರುಗಬಾರದು, ಹೊರಕ್ಕೂ ತಿರುಗಬಾರದು. ಇಡೀ ವಿವರಣೆಯಲ್ಲಿ ನೂಲು ಹಿಡಿದು ಪರೀಕ್ಷಿಸಬಹುದಾದ ಮಾತು ಇದೊಂದೇ ಎನ್ನಬಹುದು. ನಿಂತಾಗ ಈ ನೂಲಿನ ಹಿಂದೆ ಹಾಕ್ ಇಟ್ಟುಕೊಂಡ ಕುದುರೆ ಓಡುವಾಗ ಮೈಯನ್ನು ಮುಂದೆ ನೂಕುವುದಿಲ್ಲ, ಮಣ್ಣನ್ನು ಹಿಂದೆ ಒದೆಯುತ್ತದೆ. ಇನ್ನೂ ಕೆಲವು ಹಿಂಗಾಲುಗಳನ್ನು ಅಗಲಿಸಿಕೊಂಡು ಓಡುತ್ತವೆ. ಮುಂಗಾಲು ಅಷ್ಟು ಹೊತ್ತು ಗಾಳಿಯಲ್ಲಿದ್ದರೆ ಹಿಂಗಾಲು ಪಕ್ಕಕ್ಕೆ ಸರಿದು ದಾರಿ ಬಿಡಲೇಬೇಕಲ್ಲ ಎಂದು ಅದನ್ನು ಸಮರ್ಥಿಸುವವರಿದ್ದಾರೆ. ದಾರಿ ಬಿಡಬೇಕಾಗಿ ಬಂದದ್ದೇ ಕೊರತೆ ಎಂದು ಅವರಿಗೆ ಹೊಳೆದಂತಿಲ್ಲ.

ತೀರ್ಪುಗಾರ ನಿಲ್ಲುವ ಜಾಗವೂ ಇದಕ್ಕೆ ಕಾರಣ. ಸಾಲಿನಿಂದ ಒಂದೊಂದೇ ಕುದುರೆಯನ್ನು ದೂರಕ್ಕೆ ನಡೆಸಿ ಹತ್ತಿರಕ್ಕೆ ಓಡಿಸಿ ತರುವಾಗ ನೇರ ನಡಿಗೆ ಕಾಣುತ್ತದೆ, ಅದು ಕೆಲವೇ ಕ್ಷಣ. ಆಮೇಲೆ ಬರುವುದು ರಿಂಗಿನ ಸುತ್ತ ಹೊಡೆಸುವ ದೊಡ್ಡ ಓಟ. ಆಗ ತೀರ್ಪುಗಾರ ನಟ್ಟನಡುವೆ ನಿಂತು ಬರೀ ಪಕ್ಕದಿಂದ ನೋಡುತ್ತಾನೆ. ಪಕ್ಕದಿಂದ ಮಂಡಿಯ ಎತ್ತರ ಕಣ್ಣಿಗೆ ರಾಚುತ್ತದೆ, ಕಾಲಿನ ನೇರ ಸ್ವಲ್ಪವೂ ಕಾಣುವುದಿಲ್ಲ. ಪತ್ರಿಕೆಗಳಲ್ಲೂ ಬೀಜದ ಕುದುರೆಗಳ ಜಾಹೀರಾತುಗಳಲ್ಲೂ ಬರುವ ಫೋಟೊಗಳದ್ದು ಇದೇ ಕತೆ: ಮಂಡಿ ತೀರಾ ಮೇಲಿದ್ದಾಗ ಕ್ಲಿಕ್ಕಿಸಿದ್ದು. ಗೊರಸು ಊರಿದ ಗಳಿಗೆಯ ಚಿತ್ರವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

ಇದರ ಮೇಲೆ ಕೂದಲು, ಬಾಲ, ಕೊಬ್ಬು. ಕಾಲಿನ ಕೆಳಭಾಗದಲ್ಲಿ ರೇಷ್ಮೆಯಂಥ ಮೃದು ಕೂದಲು ಹದವಾಗಿದ್ದರೆ ಆಕ್ಷೇಪವಿಲ್ಲ, ಒರಟು ಕೂದಲು ಮಾತ್ರ ಬೇಡ ಎಂಬುದು ನಿಯಮ. ಈಚಿನ ಕಾಲುಗೂದಲನ್ನು ಹದ ಎನ್ನುವುದು ಕಷ್ಟ. ಮಂಡಿಯ ಕೆಳಗಿನ ಮೂಳೆ ಎಷ್ಟು ದಪ್ಪ ಎಂದು ತಿಳಿಯಬೇಕಾದರೆ ಕೂದಲೊಳಗೆ ಕೈ ಹಾಕಿ ಹಿಡಿದೇ ನೋಡಬೇಕು. 1949ರಲ್ಲಿ ಬ್ರಿಟನ್ ಕುದುರೆಗಳ ಬಾಲ ಕತ್ತರಿಸುವುದನ್ನು ಕಾನೂನಿನಿಂದ ನಿಲ್ಲಿಸಿತು. ಒಳ್ಳೆಯ ಕೆಲಸ. ಆದರೆ ಅದರ ಜೊತೆಗೆ, ನೆಲ ಗುಡಿಸುವ ಬಾಲದ ಹಿಂದೆ ಹಾಕ್‌ಗಳು ಮರೆಯಾದವು. ಕೊಬ್ಬಿನ ವಿಷಯ ಇನ್ನೂ ಗಂಭೀರ. ಬೆಟ್ಟದ ಬಡ ಹುಲ್ಲು ಮೇದು ಬದುಕಿದ ತಳಿ ಇದು, ಮೇವು ಹೆಚ್ಚಾದರೆ ಗೊರಸಿನೊಳಗಿನ ಪದರ ಉರಿಯೂತಕ್ಕೆ ತುತ್ತಾಗಿ ಕುಂಟುತ್ತದೆ. ಕೊಬ್ಬು ತುಂಬಿದ ಪೃಷ್ಠ ದುಂಡಗೆ ಮಿರುಗುತ್ತದೆ, ಸ್ನಾಯು ಇಲ್ಲದ ತೊಡೆಯ ಕೊರತೆಯನ್ನು ಮುಚ್ಚುತ್ತದೆ. ಕೈಯಿಂದ ಪಕ್ಕೆಲುಬು ಒತ್ತಿ ನೋಡುವ ತೀರ್ಪುಗಾರರು ಇದ್ದಾರೆ, ಇನ್ನೂ ಹೆಚ್ಚು ಮಂದಿ ಬೇಕು.

ಇನ್ನು ನನ್ನ ಹಾಗೆಯೇ ಗೊಣಗುವವರ ವಿಷಯ. ಅವರಲ್ಲಿ ಬಹಳ ಜನರ ಜೊತೆ ನನಗೆ ಹೊಂದಿಕೆಯಿಲ್ಲ. ಒಂದು ಗುಂಪಿನ ಪ್ರಕಾರ ಎಲ್ಲ ತೊಂದರೆಗೂ ಹ್ಯಾಕ್ನಿ ರಕ್ತವೇ ಮೂಲ. ಗಾಡಿ ಎಳೆಯುತ್ತ ಮಂಡಿ ಕುಣಿಸುವ ಆ ಇಂಗ್ಲಿಷ್ ತಳಿ ಕಳ್ಳದಾರಿಯಲ್ಲಿ ಒಳಗೆ ಬಂದು ಅಪ್ಪಟ ಕಾಬ್ ಅನ್ನು ಕೆಡಿಸಿತಂತೆ. ಯಾವ ಅಪ್ಪಟ? ತಳಿಯ ಮೂಲಪುರುಷರೆಂದು ಎಲ್ಲರೂ ಒಪ್ಪುವ ನಾಲ್ಕು ಕುದುರೆಗಳನ್ನು ತೆಗೆದುಕೊಳ್ಳಿ. 1866ರ ಅಲೊಂಜೊ ದ ಬ್ರೇವ್‌ನ ವಂಶದಲ್ಲಿ ಹ್ಯಾಕ್ನಿ ರಕ್ತವೇ ಇದೆ. 1830ರ ಟ್ರೂ ಬ್ರಿಟನ್‌ನ ತಂದೆ ಯಾರ್ಕ್‌ಷೈರ್‌ನ ಸಾರೋಟು ಕುದುರೆ, ತಾಯಿ ಅರಬ್ಬೀ ಎಂದು ಪ್ರತೀತಿ. 1850ರ ಕಮ್ರೊ ಲ್ಲೂಯ್ಡ್‌ಗೂ ಅರಬ್ಬೀ ನಂಟು ಹೇಳುತ್ತಾರೆ. ಉಳಿದದ್ದು 1840ರ ಟ್ರಾಟಿಂಗ್ ಕಾಮೆಟ್, ಅದು ಮೆರೆದದ್ದೇ ಓಟದ ಹೆಸರಿನಲ್ಲಿ. ಬೆರಕೆಯಿಂದಲೇ ಕಟ್ಟಿದ ತಳಿಯಲ್ಲಿ ಶುದ್ಧರಕ್ತದ ತಕರಾರು ತೆಗೆಯುವುದು ಇತಿಹಾಸ ಓದದವರ ಕೆಲಸ. ಕೆಟ್ಟಿರುವುದು ರಕ್ತವಲ್ಲ, ಕಣ್ಣು.

ಇನ್ನೊಂದು ಗುಂಪು ಇನ್ನೂ ಜಾಣತನದ್ದು. ತಳಿಯ ಚಹರೆ ಎಂಬುದು ಹೇಳಿ ತಿಳಿಸುವಂಥದ್ದಲ್ಲ, ವೇಲ್ಸ್‌ನ ಕೆರೆಡಿಗಿಯೊನ್ ಸೀಮೆಯ ರೈತನ ಮನೆಯಲ್ಲಿ ಹುಟ್ಟಿದವನಿಗೆ ನೋಡಿದೊಡನೆ ಗೊತ್ತಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶ ಇಲ್ಲದೇ ಇಲ್ಲ. ಏಪ್ರಿಲ್ ಕೊನೆಯ ಶನಿವಾರ, ಬಾರ್ಲಿ ಬಿತ್ತನೆ ಮುಗಿದ ಮೇಲೆ, ಅಲ್ಲಿನ ಕಾರ್ಡಿಗನ್ ಪಟ್ಟಣದ ಬೀದಿಯಲ್ಲಿ ಬೀಜದ ಕುದುರೆಗಳನ್ನು ಓಡಿಸುತ್ತ ಬರುವುದನ್ನು ಕಂಡ ಮಕ್ಕಳಿಗೆ ಆ ಕಣ್ಣು ಬಂದೇ ಬರುತ್ತದೆ. ಆದರೆ ಹೇಳಲಾಗದ ಮಾತಿನ ಮರೆಯಲ್ಲಿ ಏನನ್ನು ಬೇಕಾದರೂ ಬಚ್ಚಿಡಬಹುದು. ಈ ಕುದುರೆ ಯಾಕೆ ಮೊದಲು, ಆ ಕುದುರೆ ಯಾಕೆ ಐದನೆಯದು ಎಂದು ಕೇಳಿದಾಗ ಚಹರೆ ಎಂಬ ಒಂದೇ ಉತ್ತರ ಬಂದರೆ ಅದು ವಿಮರ್ಶೆಯಲ್ಲ, ಅಪ್ಪಣೆ. ಅದೇ ಸೀಮೆಯ ಅಬರೈರನ್ ಊರಿನಲ್ಲಿ ಕಾಬ್‌ನ ಆಳೆತ್ತರದ ಪ್ರತಿಮೆ ಇದೆ. ಚಹರೆಯಲ್ಲಿ ಅದಕ್ಕೆ ಕುಂದು ಹೇಳುವವರು ಕಡಿಮೆ, ಓಡಬೇಕಾದ ಕಷ್ಟವೂ ಅದಕ್ಕಿಲ್ಲ.

ಸವಾರಿ ಸ್ಪರ್ಧೆಗಳನ್ನೇ ಅಳತೆಗೋಲಾಗಿ ಮಾಡಿ ಎನ್ನುವ ಮೂರನೆಯವರ ವಾದ ಮೇಲ್ನೋಟಕ್ಕೆ ಸರಿ. ಹೊತ್ತು ನಡೆದರೆ ತಾನೇ ಬೆನ್ನಿನ ಬಲ ತಿಳಿಯುವುದು? ಆದರೆ ಅಲ್ಲಿ ಗೆಲ್ಲುವುದು ಕುದುರೆಯ ಕಟ್ಟಿನಷ್ಟೇ ಸವಾರನ ತರಬೇತಿ. ಸ್ಥಳೀಯ ತಳಿಗಳ ಆ ಸ್ಪರ್ಧೆಗಳಲ್ಲಿ ತೀರ್ಪುಗಾರ ತಾನೇ ಏರಿ ನೋಡುವ ರೂಢಿಯೂ ಸಾಮಾನ್ಯವಾಗಿ ಇಲ್ಲ. ಬೀಜದ ಕುದುರೆಯ ಹಾಕ್ ನೂಲಿನ ಹಿಂದಿದೆಯೋ ಮುಂದಿದೆಯೋ ಎಂಬ ಪ್ರಶ್ನೆಗೆ ತಡಿ ಹಾಕುವುದು ಉತ್ತರವಲ್ಲ.

ಉತ್ತರ ಹಳೆಯ ಕಾಲದಲ್ಲೇ ಇತ್ತು. 1918ರಲ್ಲಿ ಬೀಜದ ಕುದುರೆಗಳಿಗೆ ಪರವಾನಗಿ ಪದ್ಧತಿ ಬರುವ ಮುಂಚೆ ತಳಿಗೆ ಬೇಕಾದ ಕುದುರೆಯನ್ನು ಆರಿಸುತ್ತಿದ್ದುದು ಟ್ರಾಟ್ ಪಂದ್ಯಗಳಿಂದ. ಕಾರ್ಡಿಫ್‌ನಿಂದ ಡೌಲೈಸ್‌ಗೆ 35 ಮೈಲಿ, ಏರುದಾರಿ. ಒಳ್ಳೆಯ ಕಾಬ್ ಅದನ್ನು ಮೂರು ಗಂಟೆಯೊಳಗೆ ಮುಗಿಸುತ್ತಿತ್ತು. ಗಂಟೆಗೆ ಸುಮಾರು 19 ಕಿಲೋಮೀಟರ್ ಸರಾಸರಿ, ಅದೂ ಬೆಟ್ಟ ಹತ್ತುತ್ತ. ಅಲ್ಲಿ ಗಾಳಿಯಲ್ಲಿ ಗೊರಸು ಚಿಮ್ಮಿಸಿ ಹಿಂದಕ್ಕೆ ಎಳೆದುಕೊಳ್ಳುವ ಕುದುರೆ ಹತ್ತನೇ ಮೈಲಿಗೆ ಸೋತುಹೋಗುತ್ತಿತ್ತು. ತೀರ್ಪುಗಾರನೇ ಬೇಕಿರಲಿಲ್ಲ, ರಸ್ತೆಯೇ ತೀರ್ಪು ಕೊಡುತ್ತಿತ್ತು. ಮಂಡಿ ಮಡಿಯಬೇಕು, ಹಾಕ್ ಹೊಟ್ಟೆಯ ಕೆಳಗೆ ಬರಬೇಕು ಎಂಬ ನಿಯಮಗಳು ಆ ರಸ್ತೆಯ ಬುದ್ಧಿಯೇ ಹೊರತು ಸೌಂದರ್ಯದ ಬುದ್ಧಿಯಲ್ಲ. ಒಂದು ಸುತ್ತಿನ ಹುಲ್ಲುಹಾಸಿನ ಮೇಲೆ, ಓಡಿಸುವ ಆಳಿಗೆ ದಮ್ಮು ಇರುವಷ್ಟು ಹೊತ್ತು ಮಾತ್ರ ನಡೆಯುವ ಪರೀಕ್ಷೆಯಲ್ಲಿ ಆ ಬುದ್ಧಿ ಉಳಿಯುವುದಾದರೂ ಹೇಗೆ?

35 ಮೈಲಿ ಮತ್ತೆ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಇಂದಿನ ಡಾಂಬರು ರಸ್ತೆಯಲ್ಲಿ ಅದು ಕ್ರೌರ್ಯ. ಸಂಘ ಮೂರು ಕೆಲಸ ಮಾಡಿದರೆ ಸಾಕು. ಕಪ್ಪಿನ ಸುತ್ತಿನಲ್ಲಿ ಪ್ರತಿ ಕುದುರೆಯನ್ನೂ ತೀರ್ಪುಗಾರನಿಂದ ನೇರ ದೂರಕ್ಕೆ, ಮತ್ತೆ ನೇರ ಹತ್ತಿರಕ್ಕೆ ಎರಡು ಸಲ ಓಡಿಸಲಿ, ಎರಡನೆಯ ಸಲ ಬಾಲವನ್ನು ಕಟ್ಟಿಸಲಿ. ಸುತ್ತು ಮುಗಿದ ಮೇಲೆ ಮೊದಲ ಮೂರು ಸ್ಥಾನಗಳಿಗೆ ತೀರ್ಪುಗಾರ ಕಾರಣ ಬರೆದುಕೊಡಲಿ, ಚಹರೆ ಎಂಬ ಒಂದು ಪದ ಬಿಟ್ಟು. ಮುಂಗಾಲಿನ ಲಾಳಕ್ಕೆ ಇಷ್ಟೇ ತೂಕ ಎಂದು ಮಿತಿ ಹಾಕಿ ರಿಂಗಿನ ಬಾಗಿಲಲ್ಲಿ ತಪಾಸಣೆ ಇಡಲಿ. ಮುಂದಿನ ಜುಲೈಯಲ್ಲಿ ಆ ಓಟವನ್ನು ಮೈದಾನದಲ್ಲೋ ಪರದೆಯ ಮೇಲೋ ನೋಡುವವರು ಮೊದಲ ಸುತ್ತಿನಲ್ಲಿ ಮುಂಗಾಲನ್ನು ಮರೆತುಬಿಡಿ, ಹಿಂಗಾಲಿನ ಗೊರಸು ಎಲ್ಲಿ ಊರುತ್ತದೆ ಎಂಬುದನ್ನಷ್ಟೇ ಗಮನಿಸಿ, ಆಮೇಲೆ ನಿಮ್ಮ ಪಟ್ಟಿಯನ್ನು ತೀರ್ಪುಗಾರರ ಪಟ್ಟಿಯ ಪಕ್ಕ ಇಟ್ಟು ನೋಡಿ.