ಪೀಟರ್ ಗ್ರೀನ್ ಮುನ್ನುಡಿಯಲ್ಲ

ಮೊನ್ನೆ ಗೆಳೆಯರೊಬ್ಬರ ಮನೆಯಲ್ಲಿ ಊಟ ಮುಗಿಸಿ ಹರಟುತ್ತಿದ್ದಾಗ ಮಾತು ಫ್ಲೀಟ್‌ವುಡ್ ಮ್ಯಾಕ್ ಬ್ಯಾಂಡಿನ ಕಡೆಗೆ ಹೊರಳಿತು. ‘ರೂಮರ್ಸ್’ ತಟ್ಟೆಯನ್ನು ತೆಗೆದು ತೋರಿಸಿದರು. ಒಂದು ಗೀರೂ ಬೀಳದ ಹಾಗೆ ಇಟ್ಟುಕೊಂಡಿದ್ದಾರೆ. 1970ಕ್ಕೆ ಹಿಂದಿನದು ಏನಾದರೂ ಇದೆಯೇ ಎಂದು ಕೇಳಿದೆ. “ಅಯ್ಯೋ, ಅದೆಲ್ಲ ಬರೀ ಬ್ಲೂಸ್ ನಕಲು ಕಣ್ರೀ. ಬ್ಯಾಂಡ್ ನಿಜವಾಗಿ ಶುರುವಾಗಿದ್ದು ಆಮೇಲೆ” ಅಂದರು. ಬಾಯಲ್ಲಿ ಎಲೆ ಅಡಿಕೆ ಇದ್ದದ್ದರಿಂದ ನಾನು ಸುಮ್ಮನಿದ್ದೆ. ಈಗ ಬಾಯಿ ಖಾಲಿಯಿದೆ.

ಇದು ಅವರೊಬ್ಬರ ತೀರ್ಪಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ರಾಕ್ ಚರಿತ್ರೆ ಬರೆಯುವವರೆಲ್ಲ ಇದನ್ನೇ ಗಿಳಿಪಾಠ ಮಾಡಿಕೊಂಡಿದ್ದಾರೆ. 1967ರಿಂದ 1970ರ ತನಕದ ಬ್ಯಾಂಡಿಗೆ ಒಂದು ಪುಟ, ಆಗಿನ ಗಿಟಾರುಗಾರ ಪೀಟರ್ ಗ್ರೀನ್‌ನ ಹುಚ್ಚಿಗೆ ಅರ್ಧ ಪುಟ, ಆಮೇಲೆ 1975ಕ್ಕೆ ಜಿಗಿತ. ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ಬರುತ್ತಾರೆ, ಕ್ಯಾಲಿಫೋರ್ನಿಯಾದ ಬಿಸಿಲು ಬೀಳುತ್ತದೆ, ಪುಸ್ತಕ ಶುರುವಾಗುತ್ತದೆ. ಮೊದಲಿನದು ಮುನ್ನುಡಿ. ಮುನ್ನುಡಿಯನ್ನು ಓದದೆ ಬಿಟ್ಟರೂ ನಡೆಯುತ್ತದಲ್ಲ!

ಈ ಅಳಿಸುವಿಕೆಗೆ ಗ್ರೀನ್ ತಾನೇ ದಾರಿ ಮಾಡಿಕೊಟ್ಟ ಎಂಬುದು ಇದರಲ್ಲಿನ ವಿಚಿತ್ರ. ಬ್ಯಾಂಡ್ ಕಟ್ಟಿದವನು ಅವನು, ಹಾಡು ಬರೆದವನು ಅವನು, ಜನ ನೋಡಲು ಬರುತ್ತಿದ್ದದ್ದು ಅವನನ್ನು. ಹೆಸರನ್ನು ಮಾತ್ರ ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್‌ಗೂ ಬೇಸ್ ನುಡಿಸುವ ಜಾನ್ ಮ್ಯಾಕ್‌ವೀಗೂ ಬಿಟ್ಟುಕೊಟ್ಟ. 1967ರ ಆಗಸ್ಟ್‌ನಲ್ಲಿ ವಿಂಡ್ಸರ್ ಉತ್ಸವದಲ್ಲಿ ಬ್ಯಾಂಡ್ ಮೊದಲ ಸಲ ವೇದಿಕೆ ಹತ್ತಿದಾಗ ಮ್ಯಾಕ್‌ವೀ ಇನ್ನೂ ಜಾನ್ ಮೇಯಲ್‌ನ ಬ್ಲೂಸ್ ಬಳಗ ಬಿಟ್ಟು ಬಂದೇ ಇರಲಿಲ್ಲ. ಆಳು ಬರುವ ಮುಂಚೆಯೇ ಅವನ ಹೆಸರು ಬೋರ್ಡಿನ ಮೇಲೆ! ಮೂರು ವರ್ಷಗಳ ಬಳಿಕ ಗ್ರೀನ್ ಹೊರಟುಹೋದ. ಹೆಸರು ಆ ಇಬ್ಬರ ಹೆಗಲೇರಿ ಅಮೆರಿಕಕ್ಕೆ ಹೋಯಿತು. ಬ್ಯಾಂಡಿಗೆ ತನ್ನ ಹೆಸರನ್ನೇ ಇಟ್ಟಿದ್ದರೆ ಇವತ್ತು ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ.

ಲಂಡನ್ನಿನ ಪೂರ್ವಭಾಗದ ಬೆತ್ನಲ್ ಗ್ರೀನ್‌ನಲ್ಲಿ 1946ರಲ್ಲಿ ಯಹೂದಿ ಮನೆಯೊಂದರಲ್ಲಿ ಹುಟ್ಟಿದ ಪೀಟರ್ ಗ್ರೀನ್‌ಬಾಮ್ 1966ರಲ್ಲಿ ಮೇಯಲ್ ಬಳಗ ಸೇರಿದ್ದು ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಜಾಗಕ್ಕೆ. ಲಂಡನ್ನಿನ ಗೋಡೆಗಳ ಮೇಲೆ ಕ್ಲಾಪ್ಟನ್ ದೇವರೆಂದು ಬರೆದಿದ್ದ ಕಾಲ. ದೇವರ ಪೀಠದಲ್ಲಿ ಹತ್ತೊಂಬತ್ತರ ಹುಡುಗ ಬಂದು ಕೂತರೆ ಭಕ್ತರು ಬಿಟ್ಟಾರೆಯೇ? ಗೊಣಗಿದರು. ಇಂಥ ಹೊತ್ತಿನಲ್ಲಿ ಯಾರಾದರೂ ಮಾಡುವ ಕೆಲಸ ಒಂದೇ, ಹಳಬನಿಗಿಂತ ಜೋರಾಗಿ, ಹಳಬನಿಗಿಂತ ವೇಗವಾಗಿ ನುಡಿಸಿ ತೋರಿಸುವುದು. 1967ರಲ್ಲಿ ಬಂದ ‘ಎ ಹಾರ್ಡ್ ರೋಡ್’ ಆಲ್ಬಮ್ಮಿನಲ್ಲಿ ‘ದಿ ಸೂಪರ್‌ನ್ಯಾಚುರಲ್’ ಎಂಬ ವಾದ್ಯದ ರಚನೆಯಿದೆ. ಮೂರು ನಿಮಿಷದಷ್ಟು ಚಿಕ್ಕದು. ಅದರಲ್ಲಿ ಗ್ರೀನ್ ಒಂದು ಸ್ವರವನ್ನು ಮೀಟಿ ಬಿಡುತ್ತಾನೆ, ಅಷ್ಟೇ. ಸ್ವರ ನಿಲ್ಲುತ್ತದೆ, ನಿಂತೇ ಇರುತ್ತದೆ, ಆಂಪ್ಲಿಫೈಯರಿನ ಪ್ರತಿಧ್ವನಿಯನ್ನು ಕುಡಿದು ಇನ್ನಷ್ಟು ಉದ್ದವಾಗುತ್ತದೆ. ಕೇಳುವವನು ಮುಂದಿನ ಸ್ವರಕ್ಕೆ ಕಾಯುತ್ತಾನೆ; ಅದು ಬರುವುದಿಲ್ಲ. ಬಂದಾಗ ಕೆಳಗಿಳಿದು ಬರುತ್ತದೆ, ಕತ್ತಲಲ್ಲಿ ಮೆಟ್ಟಿಲು ತಡವಿಕೊಂಡು ಇಳಿದ ಹಾಗೆ. ನಮ್ಮ ಕಡೆ ಒಳ್ಳೆಯ ಹಾಡುಗಾರರು ಷಡ್ಜದ ಮೇಲೆ ಕೂತುಬಿಟ್ಟಾಗ ಸಭೆ ಉಸಿರು ಹಿಡಿಯುತ್ತದಲ್ಲ, ಆ ಬಗೆಯದು. ಇಪ್ಪತ್ತರ ಹುಡುಗನಿಗೆ ಈ ತಾಳ್ಮೆ ಎಲ್ಲಿಂದ ಬಂತೋ, ನಾನಂತೂ ಅನೇಕ ವರ್ಷ ಯೋಚಿಸಿದ್ದೇನೆ. ಇವನ ನಾದ ಕೇಳಿ ಮೈ ತಣ್ಣಗೆ ಬೆವರುತ್ತಿತ್ತೆಂದು ಬಿ.ಬಿ. ಕಿಂಗ್ ಹೇಳಿದ್ದರು. ಯಾರ ತಟ್ಟೆಗಳನ್ನು ಕೇಳಿ ಇವನು ಕಲಿತನೋ ಅವರ ಬಾಯಲ್ಲೇ ಬಂದ ಮಾತು ಅದು.

ಇನ್ನು ನಕಲಿನ ಆರೋಪ. ಈ ಆರೋಪ ಸಲ್ಲುವ ಒಬ್ಬ ಬ್ಯಾಂಡಿನಲ್ಲಿ ಇದ್ದ, ಅವನು ಜೆರೆಮಿ ಸ್ಪೆನ್ಸರ್. ಎಲ್ಮೋರ್ ಜೇಮ್ಸ್‌ನ ಸ್ಲೈಡ್ ಗಿಟಾರ್ ಅವನ ಮೈಮೇಲೆ ದೆವ್ವದಂತೆ ಬಂದು ಕೂತಿತ್ತು. 1968ರ ‘ಮಿಸ್ಟರ್ ವಂಡರ್‌ಫುಲ್’ ಆಲ್ಬಮ್ಮಿನಲ್ಲಿ ನಾಲ್ಕು ಹಾಡುಗಳು ಜೇಮ್ಸ್‌ನ ‘ಡಸ್ಟ್ ಮೈ ಬ್ರೂಮ್’ನ ಒಂದೇ ಪಲುಕಿನಿಂದ ಶುರುವಾಗುತ್ತವೆ. ಮೊದಲನೆಯದಕ್ಕೆ ತಲೆದೂಗುತ್ತೀರಿ, ಎರಡನೆಯದಕ್ಕೆ ನಗುತ್ತೀರಿ, ಮೂರನೆಯದಕ್ಕೆ ತಟ್ಟೆ ಸಿಕ್ಕಿಕೊಂಡಿದೆಯೇನೋ ಎಂದು ಎದ್ದು ನೋಡುತ್ತೀರಿ. ಆ ಆಲ್ಬಮ್ಮನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಸ್ಪೆನ್ಸರನ ಪಾಪವನ್ನು ಇಡೀ ಬ್ರಿಟಿಷ್ ಬ್ಲೂಸ್ ಪಂಥದ ತಲೆಗೆ ಕಟ್ಟುವುದು ನ್ಯಾಯವೇ? ಕಳವು ನಡೆದದ್ದು ಸುಳ್ಳಲ್ಲ. ಚಿಕಾಗೊ ಬ್ಲೂಸಿನ ವಿಲ್ಲಿ ಡಿಕ್ಸನ್ ತನ್ನ ಹಾಡಿಗಾಗಿ ಲೆಡ್ ಜೆಪ್ಲಿನ್ ಮೇಲೆ ಕೋರ್ಟಿಗೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾಯಿತು. ಕ್ಲಾಪ್ಟನ್‌ನದು ಇನ್ನೂ ಹೊಲಸು ಕತೆ. ಬದುಕೆಲ್ಲ ಕಪ್ಪು ಜನರ ಸಂಗೀತದಿಂದ ಉಂಡವನು 1976ರಲ್ಲಿ ಬರ್ಮಿಂಗ್‌ಹ್ಯಾಮಿನ ವೇದಿಕೆಯ ಮೇಲೆ ನಿಂತು ವಲಸಿಗರನ್ನು ಹೊರಹಾಕಬೇಕೆನ್ನುವ ಇನಾಕ್ ಪವೆಲ್‌ಗೆ ಜೈ ಅಂದ. ಹೆಸರು, ಹಣ, ಮರ್ಯಾದೆ ಈ ಮೂರನ್ನೂ ಕೊಡದೆ ತೆಗೆದುಕೊಂಡರೆ ಅದು ಕಳವು. ಕಲಿಯುವುದು ಬೇರೆ ಕೆಲಸ.

ಧಾರವಾಡದಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಮಂಜಿ ಖಾನರಲ್ಲಿ, ಆಮೇಲೆ ಅವರ ತಮ್ಮ ಭುರ್ಜಿ ಖಾನರಲ್ಲಿ ತಾಲೀಮು ಪಡೆದು ಜಯಪುರ-ಅತ್ರೌಲಿ ಘರಾಣೆಯನ್ನು ಹಾಡಿದರು. ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಲಿಂಗಾಯತರ ಹುಡುಗ, ಬ್ರಾಹ್ಮಣರ ಹುಡುಗ ಮುಸಲ್ಮಾನ ಉಸ್ತಾದರ ಗಾಯನವನ್ನು ನಕಲು ಹೊಡೆದರು ಎಂದು ನಾವು ಅನ್ನುತ್ತೇವೆಯೇ? ಅಂದವನನ್ನು ಕಟ್ಟೆಯಿಂದ ಕೆಳಗಿಳಿಸಿಯೇವು. ಗುರುವಿನ ಮುಂದೆ ಕೂತು ಕಲಿತದ್ದಕ್ಕೂ ತಟ್ಟೆ ಹಾಕಿಕೊಂಡು ಕಲಿತದ್ದಕ್ಕೂ ವ್ಯತ್ಯಾಸವಿಲ್ಲವೇ ಎಂದು ನೀವು ಕೇಳಬಹುದು. ಇದೆ, ಒಪ್ಪಿದೆ. ತಟ್ಟೆ ಗದರಿಸುವುದಿಲ್ಲ. ಗ್ರೀನ್ ತನ್ನನ್ನು ತಾನೇ ಗದರಿಸಿಕೊಂಡ, ಅದು ಅವನ ನುಡಿಸಾಣಿಕೆಯಲ್ಲಿ ಕೇಳುತ್ತದೆ.

‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಗ್ರೀನ್‌ನ ಹಾಡು, 1968ರದು. 1970ರಲ್ಲಿ ಸಾಂತಾನಾ ಅದನ್ನು ಎಷ್ಟು ಚೆನ್ನಾಗಿ ಹಾಡಿಸಿದನೆಂದರೆ ಜನ ಅದನ್ನು ಅವನದೇ ಅಂದುಕೊಂಡರು. ಆದರೆ ಗ್ರೀನ್‌ನ ಹಾಡಿನ ಬೆನ್ನ ಹಿಂದೆ ಓಟಿಸ್ ರಷ್‌ನ ‘ಆಲ್ ಯುವರ್ ಲವ್’ ನಿಂತಿರುವುದು ಕಿವಿಯಿದ್ದವರಿಗೆ ಗೊತ್ತಾಗುತ್ತದೆ. ಹಾಗಾದರೆ ಸ್ಪೆನ್ಸರ್ ಮಾಡಿದ್ದು ನಕಲು, ಗ್ರೀನ್ ಮಾಡಿದ್ದು ಕಲಿಕೆ, ಇದು ಯಾವ ನ್ಯಾಯ ಎಂದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಳತೆಗೋಲು ಇಲ್ಲಿ ಸ್ವಲ್ಪ ಬಾಗುತ್ತದೆ. ಪ್ರೀತಿಯಿದ್ದಲ್ಲಿ ಬಾಗುತ್ತದೆ, ಏನು ಮಾಡುವುದು.

ಬಾಗಿದ ಗೋಲಿನಿಂದಲೂ ಅಳೆಯಬಹುದಾದದ್ದು ಆಮೇಲಿನ ಹದಿನೆಂಟು ತಿಂಗಳ ಕೆಲಸ. 1968ರ ಕೊನೆಗೆ ‘ಆಲ್ಬಟ್ರಾಸ್’ ಬಂತು, ಮರುವರ್ಷದ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತು. ಮಾತಿಲ್ಲ, ಹಾಡಿಲ್ಲ, ಅಬ್ಬರವಿಲ್ಲ. ಫ್ಲೀಟ್‌ವುಡ್ ಕಡ್ಡಿ ಬಿಟ್ಟು ಮೆತ್ತೆ ಸುತ್ತಿದ ಕೋಲಿನಿಂದ ಡ್ರಮ್ಮಿನ ಮೇಲೆ ಅಲೆ ಎಬ್ಬಿಸುತ್ತಾನೆ. ಗ್ರೀನ್‌ನ ಗಿಟಾರಿನ ಪಕ್ಕ ಬ್ಯಾಂಡಿನ ಇನ್ನೊಬ್ಬ ಗಿಟಾರುಗಾರ ಡ್ಯಾನಿ ಕರ್ವನ್‌ನದು ಇನ್ನೊಂದು ಎಳೆಯಾಗಿ ತೇಲುತ್ತದೆ. ಕರ್ವನ್‌ಗೆ ಆಗ ಹದಿನೆಂಟು. ‘ಆಬಿ ರೋಡ್’ನಲ್ಲಿ ‘ಸನ್ ಕಿಂಗ್’ ಮಾಡುವಾಗ ಬೀಟಲ್ಸ್ ಬಳಗ ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿತ್ತೆಂದು ಜಾರ್ಜ್ ಹ್ಯಾರಿಸನ್ ಒಪ್ಪಿಕೊಂಡ. ನಕಲು ಯಾರದು ಈಗ? 1969ರಲ್ಲಿ ‘ಮ್ಯಾನ್ ಆಫ್ ದ ವರ್ಲ್ಡ್’, ಅದೇ ವರ್ಷ ‘ಓ ವೆಲ್’, ಎರಡೂ ಎರಡನೆಯ ಸ್ಥಾನ ಕಂಡವು. ಮೊದಲನೆಯದರಲ್ಲಿ ಎಲ್ಲವೂ ಇರುವವನೊಬ್ಬ ತನ್ನ ಬದುಕನ್ನು ಎಷ್ಟು ಮೆಲ್ಲಗೆ ಬೇಡವೆನ್ನುತ್ತಾನೆಂದರೆ ಕೇಳಿದವರು ಅದನ್ನು ಪ್ರೇಮಗೀತೆ ಅಂದುಕೊಂಡರು. ಎರಡನೆಯದು ಒರಟು ಗಿಟಾರಿನಿಂದ ಶುರುವಾಗಿ, ತಟ್ಟೆ ಮಗುಚಿದರೆ ಸ್ಪ್ಯಾನಿಷ್ ಗಿಟಾರು, ಕೊಳಲು, ಚೆಲ್ಲೊಗಳ ಸಂಜೆಯಾಗುತ್ತದೆ. ಇದರಲ್ಲಿ ಚಿಕಾಗೊ ಬ್ಲೂಸಿನ ನಕಲು ಎಲ್ಲಿದೆಯೆಂದು ನನ್ನ ಗೆಳೆಯರು ತೋರಿಸಿದರೆ ನನ್ನ ತಟ್ಟೆಗಳನ್ನೆಲ್ಲ ಅವರಿಗೇ ಕೊಟ್ಟುಬಿಡುತ್ತೇನೆ.

ಹುಚ್ಚಿನ ಕತೆಯನ್ನು ಬೇಗ ಮುಗಿಸುತ್ತೇನೆ. 1970ರ ವಸಂತದಲ್ಲಿ ಮ್ಯೂನಿಕ್ ಹತ್ತಿರದ ಒಂದು ಕೂಟದಲ್ಲಿ ಎಲ್‌ಎಸ್‌ಡಿ, ಮೇ ತಿಂಗಳಲ್ಲಿ ಬ್ಯಾಂಡಿಗೆ ವಿದಾಯ, ಆಮೇಲೆ ಸ್ಕಿಜೊಫ್ರೇನಿಯಾ, ಆಸ್ಪತ್ರೆ, ತಲೆಗೆ ಕರೆಂಟು. ಗಳಿಸಿದ್ದನ್ನೆಲ್ಲ ದಾನ ಮಾಡೋಣ ಎಂದು ಅವನು ಜೊತೆಯವರಿಗೆ ಹೇಳಿದ್ದನ್ನೂ ರೋಗಲಕ್ಷಣಗಳ ಪಟ್ಟಿಗೆ ಸೇರಿಸುವವರಿದ್ದಾರೆ. ಇದೇ ಮಾತನ್ನು ನಮ್ಮ ಶರಣರು ಆಡಿದರೆ ಕೈಮುಗಿಯುತ್ತೇವೆ. ಗಿಟಾರ್ ಹಿಡಿದವನು ಆಡಿದರೆ ಡಾಕ್ಟರನ್ನು ಕರೆಯುತ್ತೇವೆ.

ಈಗ ಪರಂಪರೆ ಉಳಿಸುವವರ ಸರದಿ. 2020ರ ಫೆಬ್ರವರಿ 25ರಂದು ಮಿಕ್ ಫ್ಲೀಟ್‌ವುಡ್ ಲಂಡನ್ನಿನ ಪಲೇಡಿಯಂನಲ್ಲಿ ಗ್ರೀನ್‌ಗೆ ಒಂದು ದೊಡ್ಡ ಗೌರವ ಕಛೇರಿ ಏರ್ಪಡಿಸಿದ. ಡೇವಿಡ್ ಗಿಲ್ಮೋರ್, ಪೀಟ್ ಟೌನ್ಸೆಂಡ್, ಬಿಲ್ಲಿ ಗಿಬನ್ಸ್, ಸ್ಟೀವನ್ ಟೈಲರ್, ವಯಸ್ಸಾದ ಮೇಯಲ್, ಹಳೆಯ ಜೆರೆಮಿ ಸ್ಪೆನ್ಸರ್ ಎಲ್ಲರೂ ಬಂದರು. ಗ್ರೀನ್ ಬರಲಿಲ್ಲ. ಐದು ತಿಂಗಳಿಗೆ ಸರಿಯಾಗಿ, ಜುಲೈ 25ರಂದು, ನಿದ್ದೆಯಲ್ಲೇ ತೀರಿಕೊಂಡ. ಫ್ಲೀಟ್‌ವುಡ್‌ನ ಪ್ರೀತಿಯಲ್ಲಿ ಕಪಟವಿಲ್ಲ, ಇದನ್ನು ಒಪ್ಪುತ್ತೇನೆ. ಆ ಕಛೇರಿಯ ಧ್ವನಿಮುದ್ರಣವನ್ನು ಮಾತ್ರ ಎರಡನೇ ಸಲ ಪೂರ್ತಿ ಕೇಳಲಾರೆ. ವೇದಿಕೆಯ ಮೇಲೆ ಅಷ್ಟೊಂದು ಜನ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬುತ್ತಾರೆ. ಗ್ರೀನ್ ಬಿಡುವು ಇಟ್ಟ ಕಡೆಯಲ್ಲೆಲ್ಲ ಯಾರೋ ಒಬ್ಬರು ಬಾಡಿಗೆಗೆ ಬಂದು ಕೂತಿದ್ದಾರೆ. ಗಿಲ್ಮೋರ್ ಒಬ್ಬ ‘ಆಲ್ಬಟ್ರಾಸ್’ ನುಡಿಸುವಾಗ ಕೈ ತಡೆಯುತ್ತಾನೆ.

ಅಲ್ಲಿ ಆ ರಾತ್ರಿ ಬಂದಿದ್ದ ಇನ್ನೊಬ್ಬ ಅತಿಥಿ ಗ್ರೀನ್‌ನ ಗಿಟಾರು, 1959ರ ಲೆಸ್ ಪಾಲ್. ಅದರ ಒಂದು ಪಿಕಪ್ಪಿನ ಅಯಸ್ಕಾಂತ ತಿರುಗುಮುರುಗಾಗಿದೆ. ಎರಡೂ ಪಿಕಪ್ ಒಟ್ಟಿಗೆ ತೆರೆದರೆ ಮೂಗಿನಿಂದ ಬಂದಂಥ ಟೊಳ್ಳು ದನಿ ಹೊರಡುತ್ತದೆ. ಗ್ರೀನ್ ಅದನ್ನು ಬೆಲ್‌ಫಾಸ್ಟಿನ ಹುಡುಗ ಗ್ಯಾರಿ ಮೂರ್‌ಗೆ ಪುಡಿಗಾಸಿಗೆ ಕೊಟ್ಟ. ಮೂರ್ 1995ರಲ್ಲಿ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಇಡೀ ಆಲ್ಬಮ್ಮನ್ನೇ ಗುರುಕಾಣಿಕೆಯಾಗಿ ಸಲ್ಲಿಸಿದ. 2014ರಿಂದ ಗಿಟಾರು ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಕೈಯಲ್ಲಿದೆ, 2023ರಲ್ಲಿ ಗಿಬ್ಸನ್ ಕಂಪನಿ ಅದರ ಪ್ರತಿಕೃತಿಯನ್ನೂ ಮಾರಾಟಕ್ಕಿಟ್ಟಿತು, ತಿರುಗಿದ ಅಯಸ್ಕಾಂತದ ಗುಟ್ಟು ಸಮೇತ. ಪಿಕಪ್ ಕೊಳ್ಳಬಹುದು. ಮೀಟಿದ ಮೇಲೆ ಕೈ ಕಟ್ಟಿ ಕೂರುವ ಅಭ್ಯಾಸ ಯಾವ ಅಂಗಡಿಯಲ್ಲಿ ಸಿಗುತ್ತದೆ? ಬ್ರಿಟನ್ನಿನ ಪಬ್ಬುಗಳಲ್ಲಿ ವಾರವಾರ ಗ್ರೀನ್‌ನ ಹಾಡು ನುಡಿಸುವ ಬ್ಯಾಂಡುಗಳು ಮೂಲದ ಸ್ವರಗಳನ್ನು ಒಂದೂ ಬಿಡದೆ ಒಪ್ಪಿಸುತ್ತವೆ. ಹಾಡು ಮುಗಿಯುವ ಹೊತ್ತಿಗೆ ತಡೆಯಲಾರದೆ ಹತ್ತು ಸ್ವರ ಹೆಚ್ಚಿಗೆ ಸುರಿಯುತ್ತವೆ. ಆ ಹತ್ತಕ್ಕೇ ಚಪ್ಪಾಳೆ.

ಚಪ್ಪಾಳೆಯ ವಿಷಯದಲ್ಲಿ ಇಂಗ್ಲಿಷರನ್ನಷ್ಟೇ ಬೈದರೆ ತಪ್ಪಾದೀತು. ನಮ್ಮ ಸಭೆಗಳಲ್ಲಿ ವಿಲಂಬಿತದ ಹೊತ್ತು ಜನ ಮೊಬೈಲ್ ನೋಡುತ್ತಾರೆ, ದ್ರುತದಲ್ಲಿ ತಾನುಗಳ ಸುರಿಮಳೆ ಶುರುವಾದಾಗ ಎಚ್ಚರಾಗುತ್ತಾರೆ. ತನಿಯಾವರ್ತನ ಸವಾಲು ಜವಾಬಿನ ಕುಸ್ತಿಯಾಗಿದೆ, ಭಾವಗೀತೆಗೆ ನಾಲ್ಕು ಕೀಬೋರ್ಡು ಬಂದಿವೆ. ಎರಡು ಸಾಲಿನ ನಡುವೆ ಒಂದು ಉಸಿರಿನಷ್ಟು ಜಾಗ ಕಂಡರೆ ಸಾಕು, ಅದನ್ನು ಸೈಟು ಮಾಡಿ ಮಾರಿಬಿಡುವ ಚಟ ಸಂಗೀತಕ್ಕೂ ಹತ್ತಿದೆ. ‘ರೂಮರ್ಸ್’ ಬಗ್ಗೆ ನನಗಿರುವ ಅಸಮಾಧಾನವೂ ಇದೇ. ಆ ತಟ್ಟೆಯಲ್ಲಿ ಹೊಳಪು ಹೊಡೆಯದ ಒಂದು ಮೂಲೆಯೂ ಉಳಿದಿಲ್ಲ. ಅದಕ್ಕೇ ಅಷ್ಟು ಮಾರಾಟವಾಯಿತು ಎನ್ನುವುದು ಕೆಟ್ಟ ಮಾತು, ಆದರೂ ಅಂದುಬಿಡುತ್ತೇನೆ.

ಗ್ರೀನ್ ತಾನೇ ತನ್ನ ಪರಂಪರೆಯನ್ನು ಹೇಗೆ ನೋಡಿಕೊಂಡ? 1990ರ ದಶಕದ ಕೊನೆಗೆ ಸ್ಪ್ಲಿಂಟರ್ ಗ್ರೂಪ್ ಎಂಬ ಬಳಗದೊಂದಿಗೆ ಮರಳಿ ಬಂದಾಗ ತನ್ನ ಹಳೆಯ ಹಿಟ್ ಹಾಡುಗಳ ಅಂಗಡಿಯನ್ನಷ್ಟೇ ತೆರೆದು ಕೂರಲಿಲ್ಲ. ಹಳೆಯ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ಹಾಡಿಟ್ಟುಹೋದ ಇಪ್ಪತ್ತೊಂಬತ್ತು ಹಾಡುಗಳನ್ನೂ ನೈಜೆಲ್ ವಾಟ್ಸನ್ ಜೊತೆ ಎರಡು ಆಲ್ಬಮ್ಮುಗಳಲ್ಲಿ ಮುಗಿಸಿದ. ದನಿ ಒಡೆದಿತ್ತು, ಬೆರಳು ಮೊದಲಿನ ಹಾಗಿರಲಿಲ್ಲ. ಪಾಪ, ಮುದುಕ ಮತ್ತೆ ಮೊದಲನೇ ಪಾಠಕ್ಕೆ ಹೋದ ಎಂದು ಕೆಲವರು ಮರುಗಿದರು.

ನನ್ನ ಗೆಳೆಯರಿಗೆ ಕೇಳಿಸಬೇಕೆಂದು ನಾನು ತೆಗೆದಿಟ್ಟಿರುವ ತಟ್ಟೆ ಮಾತ್ರ ಬೇರೆ. 1969ರ ಜನವರಿಯಲ್ಲಿ ಬ್ಯಾಂಡು ಚಿಕಾಗೊದ ಚೆಸ್ ಸ್ಟುಡಿಯೊಗೆ ಹೋಗಿ ವಿಲ್ಲಿ ಡಿಕ್ಸನ್, ಬಡಿ ಗೈ, ಹನಿಬಾಯ್ ಎಡ್ವರ್ಡ್ಸ್ ಜೊತೆ ನುಡಿಸಿತು. ಸ್ಪೆನ್ಸರನ ಪಕ್ಕದಲ್ಲಿ ಎಲ್ಮೋರ್ ಜೇಮ್ಸ್‌ನ ಹಳೆಯ ಸ್ಯಾಕ್ಸೊಫೋನ್ ವಾದಕ ಜೆ.ಟಿ. ಬ್ರೌನ್! ಅದರ ಬೆನ್ನಿಗೇ ನ್ಯೂಯಾರ್ಕಿನಲ್ಲಿ ಗ್ರೀನ್, ಕರ್ವನ್, ಮ್ಯಾಕ್‌ವೀ ಮೂವರು ಮಡ್ಡಿ ವಾಟರ್ಸ್ ಬಳಗದ ಪಿಯಾನೊ ವಾದಕ ಓಟಿಸ್ ಸ್ಪ್ಯಾನ್‌ಗೆ ಸಾಥ್ ಕೊಟ್ಟು ಒಂದು ಆಲ್ಬಮ್ ಮಾಡಿದರು, ಡ್ರಮ್ಮಿಗೆ ಎಸ್.ಪಿ. ಲಿಯರಿ ಇದ್ದ. ‘ದ ಬಿಗ್ಗೆಸ್ಟ್ ಥಿಂಗ್ ಸಿನ್ಸ್ ಕೊಲೊಸಸ್’ ಅದರ ಹೆಸರು. ಮುಖಪುಟದ ಹೆಸರು ಸ್ಪ್ಯಾನ್‌ನದು. ಆ ಹೊತ್ತಿಗೆ ಗ್ರೀನ್ ತನ್ನ ದೇಶದ ಪಟ್ಟಿಯ ತುದಿ ಮುಟ್ಟುತ್ತಿದ್ದ ಗಿಟಾರುಗಾರ. ಸ್ಪ್ಯಾನ್ ಹಾಡುತ್ತಾನೆ, ಎಡಗೈ ಉರುಳುತ್ತದೆ, ಬಲಗೈ ಚಿಮ್ಮುತ್ತದೆ. ಗಿಟಾರು ಹಿಂದೆ ಎಲ್ಲೋ ಇದೆ. ಸ್ಪ್ಯಾನ್ ಸಾಲು ಮುಗಿಸಿ ಉಸಿರು ತೆಗೆದುಕೊಂಡಾಗ ಎರಡು ಮೂರು ಸ್ವರ ಬರುತ್ತವೆ. ಅವನು ಮತ್ತೆ ಬಾಯಿ ತೆರೆಯುವ ಮುಂಚೆ ಹೋಗಿರುತ್ತವೆ.