ಕರ್ತೃಪದವೂ ಕರ್ತೃವೂ: ಇಂಗ್ಲಿಷ್ ಕ್ರಿಯಾಪದಗಳ ಅರ್ಥಪಾತ್ರನಿರ್ದೇಶವನ್ನು ಕುರಿತು

ವಾಕ್ಯದಲ್ಲಿ ಪ್ರಥಮಾ ವಿಭಕ್ತಿಯಲ್ಲಿರುವ ಪದವೇ ಕರ್ತೃವೆಂದು ಹೇಳಿಕೊಡುವ ವಾಡಿಕೆ ನಮ್ಮ ತರಗತಿಗಳಲ್ಲಿ ಇನ್ನೂ ಉಳಿದಿದೆ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಬೂದಿಕೋಟೆಯ ಸೀಮೆಗೆ ಸೇರಿದ ಎರಡು ವಾಕ್ಯಗಳು ಸಾಕು. ‘ಹೈದರಾಲಿಯು ಬೂದಿಕೋಟೆಯಲ್ಲಿ ಹುಟ್ಟಿದನು’ ಎಂಬುದು ಒಂದು. ‘ನೆರೆಯ ಚಿನ್ನದ ಗಣಿಯು 2001ರಲ್ಲಿ ಮುಚ್ಚಿತು’ ಎಂಬುದು ಇನ್ನೊಂದು. ಹುಟ್ಟಿದವನು ತನ್ನ ಜನ್ಮವನ್ನು ತಾನೇ ಸಾಧಿಸಲಿಲ್ಲ. ಗಣಿಯು ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳಲಿಲ್ಲ. ಎರಡೆಡೆಯೂ ಕರ್ತೃಪದವಿದೆ, ಮಾಡಿದವರು ಕಾಣುವುದಿಲ್ಲ.

ಇಂಗ್ಲಿಷಿನ ವಿಷಯದಲ್ಲಿ ಈ ತೊಡಕನ್ನು ವಿದ್ವಾಂಸರು ವಿಸ್ತಾರವಾಗಿ ವಿವೇಚಿಸಿದ್ದಾರೆ. ನಾಮಪದಕ್ಕೂ ಕ್ರಿಯೆಗೂ ಇರುವ ಅರ್ಥಸಂಬಂಧವು ಹೊರರೂಪಕ್ಕಿಂತ ಮೂಲಭೂತವಾದುದೆಂದು ಚಾರ್ಲ್ಸ್ ಫಿಲ್‌ಮೋರ್ 1968ರಲ್ಲಿ ವಾದಿಸಿದರು. ಮಾರ್ಥಾ ಪಾಮರ್ ಮತ್ತು ಸಂಗಡಿಗರು 2005ರ ಲೇಖನದಲ್ಲಿ ವಿವರಿಸಿದ ‘ಪ್ರಾಪ್‌ಬ್ಯಾಂಕ್’ ಎಂಬ ಸಂಕಲನದಲ್ಲಿ, ಪತ್ರಿಕಾಬರಹದ ವಾಕ್ಯಗಳಲ್ಲಿ ಬರುವ ಕ್ರಿಯಾಪದಗಳಿಗೆ ಅರ್ಥಪಾತ್ರಗಳನ್ನು ಗುರುತಿಸಲಾಗಿದೆ. ಅಲ್ಲಿ ಪ್ರತಿಯೊಂದು ಕ್ರಿಯಾಪದದ ಪ್ರತಿಯೊಂದು ಅರ್ಥಕ್ಕೂ ಬೇರೆಬೇರೆ ಪಾತ್ರಪಟ್ಟಿಯುಂಟು. ಸಾಮಾನ್ಯವಾಗಿ ಮಾಡುವವನಿಗೆ 0 ಎಂಬ ಅಂಕೆ, ಕ್ರಿಯೆಗೆ ಒಳಗಾದುದಕ್ಕೆ 1 ಎಂಬ ಅಂಕೆ.

ಈ ಕ್ರಮದ ಗುಣವು ನಮ್ಮ ಎರಡನೆಯ ವಾಕ್ಯದಲ್ಲಿ ಸ್ಪಷ್ಟವಾಗುತ್ತದೆ. ‘ಗಣಿಯು ಮುಚ್ಚಿತು’, ‘ಗಣಿಯನ್ನು ಮುಚ್ಚಿದರು’, ‘ಗಣಿಯ ಮುಚ್ಚುಗಡೆ’ ಎಂಬ ಮೂರರ ಇಂಗ್ಲಿಷ್ ರೂಪಗಳಲ್ಲಿಯೂ ಗಣಿಯ ಪಾತ್ರ ಒಂದೇ. 0 ಎಂಬ ಸ್ಥಾನ ಮೊದಲನೆಯದರಲ್ಲಿ ಬರಿದಾಗಿದೆ. ಆ ಬರಿದುತನವು ಕಣ್ಣಿಗೆ ಬೀಳುವುದೇ ದೊಡ್ಡ ಲಾಭ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ನಿಂತಾಗ ಕೆಲಸ ಕಳೆದುಕೊಂಡವರಿಗೆ, ‘ಮುಚ್ಚಿತು’ ಎಂಬುದಕ್ಕೂ ‘ಮುಚ್ಚಿದರು’ ಎಂಬುದಕ್ಕೂ ಇರುವ ಅಂತರ ಕೇವಲ ವ್ಯಾಕರಣದ ಕುತೂಹಲವಲ್ಲ.

ಈ ಅಂತರ ನಮ್ಮ ಪ್ರಾಚೀನರಿಗೆ ತಿಳಿಯದುದೇನೂ ಅಲ್ಲ. ಅನ್ನವು ತಾನೇ ಬೇಯುತ್ತದೆ ಎಂಬಂತಹ ಪ್ರಯೋಗಗಳಲ್ಲಿ ಕರ್ಮವೇ ಕರ್ತೃವಾಗಿ ನಿಲ್ಲುವುದನ್ನು ಪಾಣಿನೀಯರು ‘ಕರ್ಮಕರ್ತೃ’ ಎಂದು ಕರೆದರು. ಆದರೆ ಅವರ ಕಾರಕವು ವಕ್ತೃವಿನ ವಿವಕ್ಷೆಯನ್ನು ಅನುಸರಿಸುವುದು. ಪ್ರಾಪ್‌ಬ್ಯಾಂಕಿನ ಪಾತ್ರವು ನಡೆದ ಸಂಗತಿಯನ್ನು ಅನುಸರಿಸುವುದು. ಒಂದು ಇನ್ನೊಂದರ ಅನುವಾದವೆಂದು ಭಾವಿಸುವುದು ತಪ್ಪು.

ಇನ್ನು ದೋಷದ ಮಾತು. ಅಂಕೆಗಳಿಗೆ ಆಯಾ ಕ್ರಿಯಾಪದದ ಎಲ್ಲೆಯೊಳಗೆ ಮಾತ್ರ ಖಚಿತವಾದ ಅರ್ಥ. ‘ಹೆದರು’ ಎಂಬರ್ಥದ ಇಂಗ್ಲಿಷ್ ಕ್ರಿಯೆಯಲ್ಲಿ ಹೆದರಿದವನು 0. ‘ಹೆದರಿಸು’ ಎಂಬರ್ಥದಲ್ಲಿ ಅವನೇ 1. ಭಯವನ್ನು ಅನುಭವಿಸುವವನು ಎಂಬ ಸಮಾನಾಂಶ ಇಲ್ಲಿ ಮರೆಯಾಗುತ್ತದೆ. ಪಾತ್ರಗಳಿಗೆ ಅಂಕೆಯ ಬದಲು ಹೆಸರನ್ನೇ ಕೊಡುವ, ಫಿಲ್‌ಮೋರ್ 1997ರಲ್ಲಿ ಬರ್ಕ್ಲಿಯಲ್ಲಿ ಆರಂಭಿಸಿದ ‘ಫ್ರೇಮ್‌ನೆಟ್’ ಈ ಅಂಶದಲ್ಲಿ ಮೇಲು. ಆದರೂ ಹೆದರುವ ಕ್ರಿಯೆ, ಹೆದರಿಕೆಯೆಂಬ ನಾಮ, ಹೆದರಿದ ಸ್ಥಿತಿಯನ್ನು ಹೇಳುವ ಗುಣವಾಚಕ, ಈ ಮೂರನ್ನೂ ಒಂದೇ ಪಾತ್ರಪಟ್ಟಿಗೆ ತಂದ ಪ್ರಾಪ್‌ಬ್ಯಾಂಕಿನ ಮುಂದಿನ ಪರಿಷ್ಕಾರವು ಸ್ತುತ್ಯವಾದುದು.

ಕನ್ನಡಕ್ಕೆ ಇದರ ಅಗತ್ಯ ಇನ್ನೂ ಹೆಚ್ಚು. ‘ಹುಡುಗನು ಹುಲಿಗೆ ಹೆದರಿದನು’ ಎಂಬಲ್ಲಿ ಹುಲಿಯು ಭಯಕ್ಕೆ ಕಾರಣ. ‘ಹುಲಿಗೆ ಹೆದರಿಕೆಯಾಯಿತು’ ಎಂಬಲ್ಲಿ ಹುಲಿಯೇ ಹೆದರಿದುದು. ಪದ ಒಂದೇ, ವಿಭಕ್ತಿ ಒಂದೇ, ಪಾತ್ರಗಳು ಪರಸ್ಪರ ವಿರುದ್ಧ. ಸಂಸ್ಕೃತದಲ್ಲಿ ಭಯಹೇತುವು ಅಪಾದಾನವಾಗಿ ಪಂಚಮಿಯನ್ನು ಪಡೆಯುವುದು. ಇಂಗ್ಲಿಷಿನಲ್ಲಿ ಅದು ನೇರವಾಗಿ ಕರ್ಮಸ್ಥಾನದಲ್ಲಿ ನಿಲ್ಲುವುದು. ಚತುರ್ಥಿಯೆಂದರೆ ಸಂಪ್ರದಾನವೆಂದು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಈ ಎರಡು ‘ಹುಲಿಗೆ’ಗಳ ಮುಂದೆ ಹೇಳಲು ಏನೂ ಇರುವುದಿಲ್ಲ.

ಆದಕಾರಣ ಇಂಗ್ಲಿಷಿನ ಪಾತ್ರಪಟ್ಟಿಗಳನ್ನು ಅನುವಾದಿಸಿದ ಮಾತ್ರಕ್ಕೆ ಕನ್ನಡದ ಕೆಲಸ ಮುಗಿಯದು. ಕೇಶಿರಾಜ, ಭಟ್ಟಾಕಳಂಕರ ಪರಿಭಾಷೆಯನ್ನು ಹೇಳಿದ ಮಾತ್ರಕ್ಕೂ ಮುಗಿಯದು. ಹಿಂದಿಯಲ್ಲಿ ಕಾರಕಸಂಬಂಧವನ್ನು ಒಂದು ಪದರದಲ್ಲಿಯೂ ಪ್ರಾಪ್‌ಬ್ಯಾಂಕಿನ ಪಾತ್ರವನ್ನು ಮತ್ತೊಂದು ಪದರದಲ್ಲಿಯೂ ಗುರುತಿಸಿರುವ ಮಾರ್ಗ ನಮಗೂ ಯೋಗ್ಯವಾದುದು. ಹುಟ್ಟು, ಹೆರು, ಮುಚ್ಚು, ಹೆದರು ಎಂಬ ನಮ್ಮ ಧಾತುಗಳಿಂದಲೇ ಈ ಕಾರ್ಯ ಮೊದಲಾಗಬೇಕು. ವಾಕ್ಯವೊಂದನ್ನು ಓದಿದ ವಿದ್ಯಾರ್ಥಿಯು ಕರ್ತೃಪದ ಯಾವುದೆಂದು ಹೇಳಿ ನಿಲ್ಲದೆ, ಮಾಡಿದವರಾರು, ಅನುಭವಿಸಿದವರಾರು ಎಂದು ಕೇಳುವಂತಾದರೆ ವ್ಯಾಕರಣದ ಪಾಠವು ಸಾರ್ಥಕವಾದೀತು.