ಕೊರಿಯನ್ ವ್ಯಂಜನಗಳಿಗೆ ಒಂದು ಬೆಳಗು ಸಾಲದು

ಕೊರಿಯನ್ ಕಲಿಯಹೊರಟ ಕನ್ನಡದ ಹುಡುಗ ಹುಡುಗಿಯರಿಗೆ ಎಲ್ಲರೂ ಧೈರ್ಯ ಹೇಳುವುದು ಒಂದೇ ಬಗೆ: ಅಕ್ಷರ ಬಲು ಸುಲಭ, ಒಂದು ಗಂಟೆಯ ಕೆಲಸ, ಅದರಲ್ಲೂ ಕ, ಖ, ಗ, ಘ ಎಲ್ಲ ಇರುವ ನಮಗೆ ಇನ್ನೇನು ಕಷ್ಟ? ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಈ ಮಾತನ್ನು ಒರೆಗೆ ಹಚ್ಚಲೇಬೇಕಾದ ಕಾಲ ಬಂದಿದೆ. ಬಾಗೇಪಲ್ಲಿ ದಾಟಿ ಹೆದ್ದಾರಿ 44ರಲ್ಲೇ ಮುಂದುವರಿದರೆ ಪೆನುಕೊಂಡದ ಬಳಿ 2019ರಿಂದ ಕಾರು ತಯಾರಿಸುತ್ತಿರುವ ಕೊರಿಯಾದ ಕಿಯಾ ಕಾರ್ಖಾನೆ ಸಿಗುತ್ತದೆ. ಗೌರಿಬಿದನೂರಿನವರಿಗೆ ಅದು ಹಿಂದೂಪುರದಾಚೆ. ಹಾಡು, ಧಾರಾವಾಹಿಗಳ ಮೋಹ ಹೇಗೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಸಾಲಿನಲ್ಲಿ ಕೊರಿಯನ್ ಅನ್ನು ಹೆಸರಿಸಿದೆ.

ಸುಲಭವೆಂಬ ಮಾತಿನ ಮೂಲ ಹಳೆಯದು. ಕೊರಿಯಾದ ಸೆಜೊಂಗ್ ದೊರೆ 1446ರಲ್ಲಿ ಹೊಸ ಲಿಪಿಯನ್ನು ಹೊರಡಿಸಿದಾಗ, ಅದರ ವಿವರಣೆಯ ಗ್ರಂಥಕ್ಕೆ ಹಿನ್ನುಡಿ ಬರೆದ ಜೊಂಗ್ ಇನ್‌ಜಿ, ಜಾಣನಿಗೆ ಒಂದು ಬೆಳಗು ಸಾಕು, ದಡ್ಡನಿಗೂ ಹತ್ತು ದಿನ ಸಾಕು ಎಂಬರ್ಥದಲ್ಲಿ ಹೇಳಿದ. ಆದರೆ ಅವನ ಕಣ್ಣೆದುರು ಇದ್ದವರು ಆ ನುಡಿಯನ್ನು ತೊಟ್ಟಿಲಲ್ಲೇ ಪಡೆದ ಜನ. ಧ್ವನಿ ಅವರ ಬಾಯಲ್ಲಿ ಆಗಲೇ ಇತ್ತು, ಬೇಕಾಗಿದ್ದದ್ದು ಗುರುತು ಮಾತ್ರ. ನಮಗೆ ಗುರುತು ಬೇಗ ಬರುತ್ತದೆ, ಧ್ವನಿ ಬರುವುದಿಲ್ಲ.

ನಮ್ಮ ವರ್ಣಮಾಲೆ ನೆರವಿಗೆ ಬರುವುದಿಲ್ಲವೆಂದಲ್ಲ. ಕೊರಿಯನ್ನಿನಲ್ಲಿ ಕಕಾರದಂಥ ಗಿಯೊಕ್ ಅಕ್ಷರ ಗಂಟಲನ್ನು ಮುಚ್ಚುವ ನಾಲಿಗೆಯ ಬುಡದ ಚಿತ್ರ, ಮಕಾರದ ಮಿಯುಮ್ ಬಾಯಿಯ ಚಿತ್ರ. ಗಿಯೊಕ್‌ಗೆ ಒಂದು ಗೆರೆ ಸೇರಿಸಿದರೆ ಉಸಿರು ಕೂಡಿದ ಕಿಯುಕ್. ಸೆಜೊಂಗನ ಕಾಲದ ಅನುಕ್ರಮವಂತೂ ನಮ್ಮ ಕವರ್ಗ, ತವರ್ಗ, ಪವರ್ಗಗಳ ನೆಂಟ. ಚೀನಾದ ಧ್ವನಿಶಾಸ್ತ್ರದಿಂದ ಬಂದ ಆ ವಿಂಗಡಣೆಯ ಹಿಂದೆ ಬೌದ್ಧರು ಒಯ್ದ ಸಂಸ್ಕೃತದ ಅಕ್ಷರವಿದ್ಯೆಯ ಪ್ರಭಾವವಿದೆ. ಇಂಗ್ಲಿಷ್ ಅಕ್ಷರಗಳ ಮೂಲಕವೇ ಕಲಿಸುವ ಪುಸ್ತಕಗಳು ಈ ಆಸರೆಯನ್ನು ಕಳೆಯುತ್ತವೆ. ಅದು ದೊಡ್ಡ ನಷ್ಟ.

ಆದರೆ ಆಸರೆ ಸಿಗುವುದು ಸ್ಥಾನಕ್ಕೆ ಮಾತ್ರ. ನಮ್ಮ ಕ ಮತ್ತು ಗ ನಡುವಿನ ಗೆರೆ ಅಲ್ಲಿಲ್ಲ. ಕೊರಿಯನ್ನರಿಗಿರುವುದು ಸಡಿಲ, ಉಸಿರಿನ, ಬಿಗಿ ಎಂಬ ಮೂರು ಬಗೆ. ಪದದ ಆರಂಭದಲ್ಲಿ ಮೂರೂ ಅಘೋಷ. ನಮ್ಮ ಊರುಗಳ ಹೆಸರನ್ನೇ ಅವರ ಲಿಪಿಯಲ್ಲಿ ಬರೆದು ನೋಡಿ. ಗೌರಿಬಿದನೂರನ್ನು ಸಡಿಲ ಬಗೆಯ ಗಿಯೊಕ್‌ನಿಂದ ಶುರು ಮಾಡಿದರೆ ಅವರು ಓದಿದ್ದು ನಮ್ಮ ಕಿವಿಗೆ ‘ಕೌರಿ’. ಸ್ವರಗಳ ನಡುವೆ ಸಿಕ್ಕಿದ ಬ, ದ ಮಾತ್ರ ನಮ್ಮಂತೆಯೇ ಉಳಿಯುತ್ತವೆ. ಚಿಂತಾಮಣಿಯ ತಕಾರಕ್ಕೆ ಸಡಿಲ ಅಕ್ಷರ ಹಾಕಿದರೆ ಅದು ‘ಚಿಂದಾಮನಿ’, ಏಕೆಂದರೆ ಅನುನಾಸಿಕದ ಪಕ್ಕದಲ್ಲಿ ಸಡಿಲ ಧ್ವನಿ ಘೋಷವಾಗುತ್ತದೆ. ಣಕಾರವಂತೂ ಇಲ್ಲವೇ ಇಲ್ಲ. ಶಿಡ್ಲಘಟ್ಟದ ‘ಡ್ಲ’ವನ್ನು ದಕಾರದ ದಿಗುತ್, ಲಕಾರದ ರಿಯುಲ್ ಅಕ್ಷರಗಳನ್ನು ಅಕ್ಕಪಕ್ಕ ಇಟ್ಟು ಬರೆದರೆ ಅವರ ನಾಲಿಗೆಯಲ್ಲಿ ‘ಶಿನ್ನ’. ಅಕ್ಷರ ಅದೇ, ನೆರೆ ಬದಲಾದೊಡನೆ ಧ್ವನಿ ಬೇರೆ. ಸಮಚಿಹ್ನೆ ಹಾಕಿ ಬಾಯಿಪಾಠ ಮಾಡಿಸುವ ಪಟ್ಟಿಗೆ ಇದು ಎಟಕುವುದಿಲ್ಲ.

ಇನ್ನು ಮಹಾಪ್ರಾಣ. ಕಿಯುಕ್ ಎಂದರೆ ಖ ಎಂದು ಕಲಿಯುವವರು ಬರೆದುಕೊಳ್ಳುತ್ತಾರೆ. ಕನ್ನಡ, ತೆಲುಗು ಎರಡನ್ನೂ ಆಡುವ ಈ ಸೀಮೆಯ ದಿನನಿತ್ಯದ ಮಾತಿನಲ್ಲಿ ಖ ಎಲ್ಲಿದೆ? ಮುಖ ‘ಮುಕ’ವಾಗಿರುತ್ತದೆ. ಕನ್ನಡಿಗರು ಉಚ್ಚರಿಸದ ಮಹಾಪ್ರಾಣ ಬರಹದಲ್ಲೂ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇದೇ ಅನುಭವದ ಮೇಲೆ. ಹೀಗಾಗಿ ನೋಟ್‌ಬುಕ್ಕಿನಲ್ಲಿ ಖ, ನಾಲಿಗೆಯಲ್ಲಿ ಉಸಿರಿಲ್ಲದ ಕ. ಕೊರಿಯನ್ ಕಿವಿಗೆ ಅದು ಬಿಗಿ ಧ್ವನಿಯ ಸಮೀಪಕ್ಕೆ ಹೋಗಿ ಬೀಳುತ್ತದೆ. ಚಂದ್ರ, ಮುಖವಾಡ, ಮಗಳು ಎಂಬ ಮೂರು ಕೊರಿಯನ್ ಪದಗಳು ಬೇರೆಯಾಗುವುದು ಮೊದಲ ವ್ಯಂಜನದ ಸಡಿಲ, ಉಸಿರು, ಬಿಗಿಯಿಂದ ಮಾತ್ರ. ಇಂದಿನ ಸಿಯೋಲ್‌ನ ಯುವಜನರಲ್ಲಿ ಮೊದಲೆರಡನ್ನು ಬೇರ್ಪಡಿಸುವುದು ಹೆಚ್ಚಾಗಿ ದನಿಯ ಎತ್ತರ: ಚಂದ್ರ ತಗ್ಗಿನಲ್ಲಿ, ಮುಖವಾಡ ಏರಿನಲ್ಲಿ. ಇದನ್ನು ತೋರಿಸುವ ಅಕ್ಷರ ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಆದ್ದರಿಂದ ಕಲಿಸುವವರಲ್ಲಿ ನನ್ನ ಕೇಳಿಕೆ ಇಷ್ಟು. ನಾಲಿಗೆ ಎಲ್ಲಿ ತಾಗುತ್ತದೆ ಎಂಬುದನ್ನು ಕನ್ನಡದ ವರ್ಗಗಳಿಂದಲೇ ಹೇಳಿಕೊಡಿ, ಆಮೇಲೆ ಕನ್ನಡ ಅಕ್ಷರವನ್ನು ಬದಿಗಿಡಿ. ಬಿಗಿ ಧ್ವನಿಗೆ ‘ಅಕ್ಕ’ದ ಒತ್ತಿನಿಂದ ಹೊರಡಿ. ಉಸಿರಿನ ಧ್ವನಿ ಬಂತೋ ಇಲ್ಲವೋ ಎಂಬುದನ್ನು ಕಲಿಯುವವರು ಬಾಯಿಯ ಮುಂದೆ ಕಾಗದದ ಚೂರು ಹಿಡಿದು ನೋಡಲಿ. ಬರೆಯುವ ಮೊದಲು, ಆ ಮೂರು ಪದಗಳಲ್ಲಿ ಯಾವುದನ್ನು ಹೇಳಿದಿರೆಂದು ಕಣ್ಣು ಮುಚ್ಚಿ ಗುರುತಿಸುವಷ್ಟು ಕೇಳಿಸಿ.